ಮತದಾರರು 2,905, ಬಿದ್ದ ಮತ 6,307

ಗುಲಾಮಗಿರಿ ಇರಬೇಕೋ ಬೇಡವೋ ಎಂಬುದನ್ನು ಮತಕ್ಕೆ ಬಿಟ್ಟ ಕಾನ್ಸಾಸ್, ರಾಜ್ಯವಾಗುವ ಮೊದಲೇ ರಣರಂಗವಾಯಿತು

1855ರ ಮಾರ್ಚ್ 30. ಅಮೆರಿಕದ ಗಡಿಸೀಮೆಯಾಗಿದ್ದ ಕಾನ್ಸಾಸ್‌ನಲ್ಲಿ ಅಂದು ಮೊದಲ ಶಾಸನಸಭೆಗೆ ಚುನಾವಣೆ. ಕೆಲವೇ ವಾರಗಳ ಹಿಂದೆ ಮುಗಿದಿದ್ದ ಜನಗಣತಿಯ ಪ್ರಕಾರ ಅಲ್ಲಿ ನೆಲೆಸಿದ್ದವರು ಸುಮಾರು 8,500 ಮಂದಿ. ಅವರಲ್ಲಿ ಮತದ ಹಕ್ಕಿದ್ದವರು 2,905. ಎಣಿಕೆ ಮುಗಿದಾಗ ಸಿಕ್ಕ ಮತ 6,307!

ಇದು ಹೇಗಾಯಿತು ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ. ಪಕ್ಕದ ಮಿಸೌರಿ ರಾಜ್ಯದಿಂದ ಸಾವಿರಾರು ಜನ ಬಂಡಿ ಕಟ್ಟಿಕೊಂಡು, ಕುದುರೆ ಏರಿ, ಡೇರೆ ಬುತ್ತಿ ಸಮೇತ ಹೊಳೆ ದಾಟಿ ಬಂದಿದ್ದರು. ಲಾರೆನ್ಸ್ ಎಂಬ ಒಂದೇ ಊರಿಗೆ ಬಂದಿಳಿದವರು ಸಾವಿರದ ಹತ್ತಿರ. ಸೊಂಟದಲ್ಲಿ ಪಿಸ್ತೂಲು, ಚೂರಿ. ಹಿಂದೆ ಎರಡು ಫಿರಂಗಿ. ತಮ್ಮವರು ಯಾರು, ಎದುರಿನವರು ಯಾರು ಎಂದು ತಿಳಿಯಲು ಕೋಟಿನ ಕಾಜಿಗೆ ಬಿಳಿ ಪಟ್ಟಿ ಸಿಕ್ಕಿಸಿಕೊಂಡಿದ್ದರು. ಆ ಮತಗಟ್ಟೆಯ ವ್ಯಾಪ್ತಿಯಲ್ಲಿ ಗಣತಿಯ ಪ್ರಕಾರ ಇದ್ದ ಮತದಾರರು 369, ಬಿದ್ದ ಮತ 1,034. ಬ್ಲೂಮಿಂಗ್ಟನ್ ಎಂಬ ಇನ್ನೊಂದು ಊರಿನಲ್ಲಿ ಚುನಾವಣಾ ಅಧಿಕಾರಿಗಳು, ಇಲ್ಲಿಯೇ ನೆಲೆಸಿದವನೆಂದು ಪ್ರಮಾಣ ಮಾಡದವರಿಗೆ ಮತ ಇಲ್ಲ ಎಂದು ಪಟ್ಟು ಹಿಡಿದರು. ಮಿಸೌರಿಯಿಂದ ಬಂದಿದ್ದ ಸ್ಯಾಮ್ಯುಯೆಲ್ ಜೋನ್ಸ್ ಎಂಬಾತ ಗಡಿಯಾರ ಹೊರತೆಗೆದು, ರಾಜೀನಾಮೆ ಕೊಡಲು ಐದು ನಿಮಿಷ ಇದೆ, ಇಲ್ಲದಿದ್ದರೆ ಜೀವ ಹೋಗುತ್ತದೆ ಎಂದ. ಈ ಜೋನ್ಸ್‌ನನ್ನು ನೆನಪಿಟ್ಟುಕೊಳ್ಳಿ. ಮುಂದೆ ಆ ಜಿಲ್ಲೆಯ ಕಾನೂನು ಕಾಯುವ ಶೆರಿಫ್ ಆಗುವವನು ಇವನೇ.

ಮರುವರ್ಷ ಅಮೆರಿಕದ ಕಾಂಗ್ರೆಸ್ ಕಳಿಸಿದ ತನಿಖಾ ಸಮಿತಿ ಊರೂರು ತಿರುಗಿ ಸಾಕ್ಷ್ಯ ಕಲೆಹಾಕಿತು. 6,307ರಲ್ಲಿ 4,908 ಕಳ್ಳಮತ ಎಂಬುದು ಅದರ ಲೆಕ್ಕ.

ಕಾನ್ಸಾಸ್‌ನ ಆರಂಭದ ಇತಿಹಾಸವನ್ನು ಅಮೆರಿಕದವರು ‘ರಕ್ತಸಿಕ್ತ ಕಾನ್ಸಾಸ್’ ಎಂದು ಕರೆಯುತ್ತಾರೆ. ರಕ್ತ ಹರಿದದ್ದು ನಿಜ. ಆದರೆ ಅದಕ್ಕೂ ಮೊದಲು ಕೆಟ್ಟದ್ದು ಮತದಾರರ ಪಟ್ಟಿ. ಒಬ್ಬ ಮನುಷ್ಯ ಇನ್ನೊಬ್ಬನ ಆಸ್ತಿಯಾಗಬಹುದೇ ಎಂಬ ಪ್ರಶ್ನೆಯನ್ನು ಒಂದು ದೇಶ ಮತಕ್ಕೆ ಹಾಕಿತು. ಮತ ಹಾಕುವವರು ಯಾರು ಎಂಬುದನ್ನು ಮಾತ್ರ ಇತ್ಯರ್ಥ ಮಾಡಲಿಲ್ಲ.

‘ಮರುಭೂಮಿ’ಯ ಒಡೆಯರು

ಕಾನ್ಸಾಸ್ ಇರುವುದು ಅಮೆರಿಕದ ಭೂಪಟದ ನಟ್ಟನಡುವೆ. 1803ರಲ್ಲಿ ನೆಪೋಲಿಯನ್‌ನ ಫ್ರಾನ್ಸಿನಿಂದ ಲೂಸಿಯಾನ ಎಂಬ ಭಾರೀ ಪ್ರದೇಶವನ್ನು ಕೊಂಡುಕೊಂಡಾಗ ಇದರ ಬಹುಭಾಗ ಅಮೆರಿಕದ ಪಾಲಾಯಿತು. 1820ರಲ್ಲಿ ಈ ಬಯಲುಸೀಮೆಯನ್ನು ಹಾದುಹೋದ ಸೇನಾಧಿಕಾರಿ ಸ್ಟೀಫನ್ ಲಾಂಗ್‌ನ ತಂಡ ನಕ್ಷೆಯ ಮೇಲೆ ‘ಮಹಾ ಮರುಭೂಮಿ’ ಎಂದು ಬರೆದಿಟ್ಟಿತು. ಬೇಸಾಯಕ್ಕೆ ಬಾರದ ನೆಲ ಎಂದಾದ ಮೇಲೆ ಬಿಳಿಯರಿಗೆ ಅದು ಬೇಕಿರಲಿಲ್ಲ. 1830ರ ಕಾಯ್ದೆಯ ಬಲದಿಂದ ಪೂರ್ವದ ರಾಜ್ಯಗಳ ಮೂಲನಿವಾಸಿಗಳನ್ನು ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದಾಗ ಅವರಲ್ಲಿ ಅನೇಕರನ್ನು ತಂದು ಬಿಟ್ಟದ್ದು ಇಲ್ಲಿಗೇ. ಶಾನೀ, ಡೆಲವೇರ್, ಪೊಟವಾಟಮಿ, ವೈಯಾಂಡಾಟ್ ಹೀಗೆ ಒಂದಾದ ಮೇಲೊಂದು ಬುಡಕಟ್ಟು ಬಂದು, ಅದಾಗಲೇ ಇಲ್ಲಿದ್ದ ಕಾನ್ಸಾ, ಓಸೇಜ್, ಪಾನೀ ಜನರ ನೆಲದಲ್ಲಿ ಪಾಲುಗಾರರಾದವು. ರಾಜ್ಯಕ್ಕೆ ಹೆಸರು ಬಂದದ್ದು ಕಾನ್ಸಾ ಬುಡಕಟ್ಟಿನಿಂದ. ಇನ್ನು ಮುಂದೆ ಈ ನೆಲ ನಿಮ್ಮದೇ, ಯಾರೂ ಎಬ್ಬಿಸುವುದಿಲ್ಲ ಎಂಬ ಭರವಸೆ ಸರ್ಕಾರದ್ದು.

ಭರವಸೆ ಕಾಲು ಶತಮಾನವೂ ಬಾಳಲಿಲ್ಲ. 1821ರಿಂದ ಸಾಂಟಾ ಫೆಗೆ ಹೋಗುವ ವ್ಯಾಪಾರದ ಬಂಡಿಗಳು ಈ ನೆಲದ ಮೂಲಕವೇ ಹೋಗುತ್ತಿದ್ದವು. ಅವಕ್ಕೆ ಕಾವಲಾಗಿ 1827ರಲ್ಲಿ ಲೆವೆನ್ವರ್ತ್ ಕೋಟೆ ಎದ್ದಿತು. ಆಮೇಲೆ ಓರೆಗಾನ್‌ಗೆ, 1849ರಲ್ಲಿ ಚಿನ್ನ ಹುಡುಕಿ ಕ್ಯಾಲಿಫೋರ್ನಿಯಾಕ್ಕೆ ಹೊರಟವರೂ ಇದೇ ದಾರಿ ಹಿಡಿದರು. ದಾರಿಯುದ್ದಕ್ಕೂ ಅವರು ಕಂಡದ್ದು ಆಳೆತ್ತರದ ಹುಲ್ಲು ಮತ್ತು ಕಪ್ಪು ಮಣ್ಣು. ಮರುಭೂಮಿಯಲ್ಲ. 1854ರಲ್ಲಿ ಸರ್ಕಾರದ ಅಧಿಕಾರಿ ಜಾರ್ಜ್ ಮ್ಯಾನಿಪೆನ್ನಿ ಬುಡಕಟ್ಟುಗಳೊಂದಿಗೆ ಸಾಲುಸಾಲಾಗಿ ಒಪ್ಪಂದ ಮಾಡಿಕೊಂಡ. ಶಾನೀ, ಡೆಲವೇರ್ ಜನರ ನೆಲದ ಬಹುಪಾಲು ಕೈಬಿಟ್ಟು ಹೋಯಿತು. ಒಪ್ಪಂದದ ಷರತ್ತು ಪೂರೈಸುವವರೆಗೂ ಯಾರೂ ಕಾಯಲಿಲ್ಲ. ಡೆಲವೇರ್ ಜನರಿಗೆ ಸೇರಿದ್ದ ಜಾಗದಲ್ಲೇ ಅದೇ ಬೇಸಿಗೆಯಲ್ಲಿ ಲೆವೆನ್ವರ್ತ್ ಪಟ್ಟಣ ಎದ್ದಿತು. ಸರ್ವೆಯಾಗದ ನೆಲದಲ್ಲಿ ನಾಲ್ಕು ಮರದ ದಿಮ್ಮಿ ಚೌಕಾಕಾರವಾಗಿ ಇಟ್ಟರೆ ಸಾಕು, ಅದು ನನ್ನ ಜಮೀನು ಎಂದು ಹೇಳಿಕೊಳ್ಳಬಹುದಿತ್ತು.

ಅಲ್ಲಿನವರೇ ತೀರ್ಮಾನಿಸಲಿ

ಇಲ್ಲಿ ಒಂದು ಹಿನ್ನೆಲೆ ಬೇಕು. ಗುಲಾಮಗಿರಿ ಇರುವ ದಕ್ಷಿಣ, ಇಲ್ಲದ ಉತ್ತರ ಎಂದು ಅಮೆರಿಕ ಆಗಲೇ ಇಬ್ಭಾಗವಾಗಿತ್ತು. 1820ರ ಮಿಸೌರಿ ರಾಜಿಸೂತ್ರದ ಪ್ರಕಾರ ಮಿಸೌರಿಯನ್ನು ಗುಲಾಮರಿರುವ ರಾಜ್ಯವಾಗಿ ಸೇರಿಸಿಕೊಂಡು, ಲೂಸಿಯಾನ ಪ್ರದೇಶದ ಉಳಿದ ಭಾಗದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ಕೂಡದು ಎಂದು ಗೆರೆ ಎಳೆಯಲಾಗಿತ್ತು. ಕಾನ್ಸಾಸ್ ಆ ಗೆರೆಯ ಉತ್ತರಕ್ಕಿದೆ. ಅಂದರೆ ಪ್ರಶ್ನೆಯೇ ಏಳಬಾರದಿತ್ತು.

ಪ್ರಶ್ನೆ ಎಬ್ಬಿಸಿದವರು ಇಲಿನಾಯ್ ರಾಜ್ಯದ ಸೆನೆಟರ್ ಸ್ಟೀಫನ್ ಡಗ್ಲಸ್. ಶಿಕಾಗೋದಿಂದ ಪಶ್ಚಿಮ ಕರಾವಳಿಗೆ ರೈಲು ಹಾಕಬೇಕು, ಅದಕ್ಕೆ ನಡುವಿನ ಪ್ರದೇಶಕ್ಕೊಂದು ಆಡಳಿತ ಬೇಕು, ಆಡಳಿತಕ್ಕೆ ದಕ್ಷಿಣದ ಸೆನೆಟರುಗಳ ಮತ ಬೇಕು. ದಕ್ಷಿಣದವರು ಹಳೆಯ ಗೆರೆ ಅಳಿಸಿದರೆ ಮಾತ್ರ ಎಂದರು. ಡಗ್ಲಸ್ ಒಪ್ಪಿದರು. 1854ರ ಮೇ 30ರಂದು ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಸಹಿ ಹಾಕಿದ ಕಾನ್ಸಾಸ್–ನೆಬ್ರಾಸ್ಕ ಕಾಯ್ದೆ ಆ ಗೆರೆಯನ್ನು ಅಳಿಸಿ, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಅಲ್ಲಿ ನೆಲೆಸುವವರೇ ತೀರ್ಮಾನಿಸಲಿ ಎಂದಿತು. ಕೇಳಲು ಎಷ್ಟು ಪ್ರಜಾಪ್ರಭುತ್ವದ ಮಾತು! ಆದರೆ ನೆಲೆಸಿದವನೆಂದರೆ ಎಷ್ಟು ಕಾಲ ಇದ್ದಿರಬೇಕು ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ. ಮತದ ಹಕ್ಕು ಬಿಳಿ ಗಂಡಸರಿಗಷ್ಟೇ. ಯಾರ ಬದುಕನ್ನು ಮತಕ್ಕೆ ಹಾಕಲಾಗಿತ್ತೋ ಆ ಕಪ್ಪು ಜನರಿಗಾಗಲಿ, ಯಾರ ನೆಲದಲ್ಲಿ ಮತಗಟ್ಟೆ ಇತ್ತೋ ಆ ಬುಡಕಟ್ಟುಗಳಿಗಾಗಲಿ, ಹೆಂಗಸರಿಗಾಗಲಿ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಎರಡೂ ಕಡೆ ಓಟ ಶುರುವಾಯಿತು. ಮ್ಯಾಸಚೂಸೆಟ್ಸ್‌ನ ಈಲೈ ಥೇಯರ್ ಕಟ್ಟಿದ ವಲಸೆ ನೆರವು ಸಂಸ್ಥೆ, ಗುಲಾಮಗಿರಿಗೆ ಒಲ್ಲೆ ಎನ್ನುವವರನ್ನು ಕಾನ್ಸಾಸ್‌ಗೆ ಕಳಿಸತೊಡಗಿತು. ಮೊದಲ ತಂಡದ 29 ಮಂದಿ 1854ರ ಜುಲೈ 17ರಂದು ಬಾಸ್ಟನ್ ಬಿಟ್ಟರು. ಹೊಳೆದಂಡೆಯಲ್ಲಿ ಅವರು ಹಾಕಿದ ಡೇರೆಗಳೇ ಲಾರೆನ್ಸ್ ಊರಾದದ್ದು. ಸಂಸ್ಥೆಗೆ ಹಣ ಕೊಟ್ಟ ಜವಳಿ ಉದ್ಯಮಿ ಏಮಸ್ ಲಾರೆನ್ಸ್ ಹೆಸರನ್ನೇ ಅದಕ್ಕೆ ಇಟ್ಟರು. ಇತ್ತ ಮಿಸೌರಿಯ ಸೆನೆಟರ್ ಡೇವಿಡ್ ಆಚಿಸನ್ ತಮ್ಮ ಜನರನ್ನು ಹೊಳೆ ದಾಟಲು ಹುರಿದುಂಬಿಸಿದರು. ಕಾನ್ಸಾಸ್ ಗುಲಾಮರಹಿತ ರಾಜ್ಯವಾದರೆ ನಮ್ಮ ಗುಲಾಮರೆಲ್ಲ ಅಲ್ಲಿಗೆ ಓಡಿಹೋಗುತ್ತಾರೆ ಎಂಬುದು ಅವರ ಭಯ. ಬಂದವರಲ್ಲಿ ಬಹುಪಾಲು ಮಂದಿ ಒಹಾಯೊ, ಇಂಡಿಯಾನ, ಇಲಿನಾಯ್, ಮಿಸೌರಿಗಳ ಬಡ ರೈತರು. ಅವರಿಗೆ ಬೇಕಿದ್ದದ್ದು ಸಿದ್ಧಾಂತವಲ್ಲ, ಜಮೀನು. ವಿಚಿತ್ರವೆಂದರೆ 1855ರ ಗಣತಿಯಲ್ಲಿ ಕಾನ್ಸಾಸ್‌ನಲ್ಲಿದ್ದ ಗುಲಾಮರ ಸಂಖ್ಯೆ ಇನ್ನೂರಕ್ಕಿಂತ ಕಡಿಮೆ.

‘ಪುಸ್ತಕ’ದ ಪೆಟ್ಟಿಗೆಗಳು

ಕಳ್ಳಮತದಿಂದ ಆರಿಸಿ ಬಂದ ಸಭೆಗೆ ಜನ ಇಟ್ಟ ಹೆಸರು ‘ಬೋಗಸ್ ಶಾಸನಸಭೆ’. ಅದು ಸೇರಿದ್ದು ಶಾನೀ ಮಿಷನ್ ಎಂಬಲ್ಲಿ, ಬುಡಕಟ್ಟಿನ ಮಕ್ಕಳಿಗೆಂದು ಕಟ್ಟಿದ ಕ್ರೈಸ್ತ ಶಾಲೆಯಲ್ಲಿ. ಶಾಲೆ ನಡೆಸುತ್ತಿದ್ದ ಪಾದ್ರಿ ಥಾಮಸ್ ಜಾನ್ಸನ್ ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದವರು. ಮಿಸೌರಿಯ ಕಾನೂನು ಪುಸ್ತಕವನ್ನೇ ಹೆಚ್ಚುಕಡಿಮೆ ನಕಲು ಮಾಡಿಕೊಂಡ ಸಭೆ, ತನ್ನದೂ ಒಂದಿಷ್ಟು ಸೇರಿಸಿತು. ಗುಲಾಮರನ್ನು ದಂಗೆಗೆ ಎಬ್ಬಿಸಿದರೆ ಮರಣದಂಡನೆ. ಇಲ್ಲಿ ಗುಲಾಮರನ್ನು ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ ಎಂದು ಬಾಯಲ್ಲಿ ಹೇಳಿದರೂ, ಬರೆದರೂ ಕನಿಷ್ಠ ಎರಡು ವರ್ಷ ಕಠಿಣ ಸಜೆ.

ವಿರೋಧಿಗಳು ಈ ಸಭೆಯನ್ನು ಒಪ್ಪದೆ 1855ರ ಕೊನೆಗೆ ಟೊಪೀಕದಲ್ಲಿ ತಮ್ಮದೇ ಸಂವಿಧಾನ ಬರೆದರು, ತಮ್ಮದೇ ಗವರ್ನರ್ ಆಗಿ ಚಾರ್ಲ್ಸ್ ರಾಬಿನ್ಸನ್ ಎಂಬ ವೈದ್ಯರನ್ನು ಆರಿಸಿಕೊಂಡರು. ಒಂದೇ ನಾಡಿಗೆ ಎರಡು ಸರ್ಕಾರ. ಆದರೆ ಈ ವಿರೋಧಿಗಳನ್ನು ಕಪ್ಪು ಜನರ ಬಂಧುಗಳೆಂದು ತಿಳಿದರೆ ತಪ್ಪಾದೀತು. ಸಂವಿಧಾನದ ಜೊತೆಗೇ, ಸ್ವತಂತ್ರ ಕಪ್ಪು ಜನರೂ ಕಾನ್ಸಾಸ್‌ಗೆ ಕಾಲಿಡಕೂಡದೇ ಎಂದು ಪ್ರತ್ಯೇಕವಾಗಿ ಮತ ಕೇಳಿದಾಗ, ಕೂಡದು ಎಂದವರು 1,287, ಬರಲಿ ಎಂದವರು 453. ಗುಲಾಮಗಿರಿ ಬೇಡ, ಗುಲಾಮರೂ ಬೇಡ ಎಂಬುದು ಬಹುಮತದ ಅಭಿಪ್ರಾಯ.

ಮಾತು ಮುಗಿದಲ್ಲಿ ಬಂದೂಕು ಬಂತು. ಪೂರ್ವದಿಂದ ‘ಪುಸ್ತಕ’ ಎಂಬ ಚೀಟಿ ಅಂಟಿಸಿದ ಪೆಟ್ಟಿಗೆಗಳಲ್ಲಿ ಶಾರ್ಪ್ಸ್ ರೈಫಲ್‌ಗಳು ಬಂದಿಳಿದವು. ಅವುಗಳ ಪರವಾಗಿ ಮಾತಾಡಿದ್ದ ಪಾದ್ರಿ ಹೆನ್ರಿ ವಾರ್ಡ್ ಬೀಚರ್ ಹೆಸರಿನಲ್ಲಿ ಜನ ಅವನ್ನು ‘ಬೀಚರ್ ಬೈಬಲ್’ ಎಂದು ಕರೆದರು. 1856ರ ಮೇ 21ರಂದು, ಈಗ ಶೆರಿಫ್ ಆಗಿದ್ದ ಅದೇ ಸ್ಯಾಮ್ಯುಯೆಲ್ ಜೋನ್ಸ್ ನೂರಾರು ಜನರ ದಂಡಿನೊಂದಿಗೆ ಲಾರೆನ್ಸ್‌ಗೆ ನುಗ್ಗಿದ. ಎರಡು ಪತ್ರಿಕೆಗಳ ಮುದ್ರಣಯಂತ್ರ ಒಡೆದು ಅಚ್ಚುಮೊಳೆಗಳನ್ನು ಹೊಳೆಗೆ ಸುರಿದರು. ಫ್ರೀ ಸ್ಟೇಟ್ ಹೋಟೆಲನ್ನು ಫಿರಂಗಿ ಹಾರಿಸಿ, ಬೆಂಕಿ ಇಟ್ಟು ನೆಲಸಮ ಮಾಡಿದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಮರುದಿನ ವಾಷಿಂಗ್ಟನ್ನಿನಲ್ಲಿ, ಕಾನ್ಸಾಸ್ ಬಗ್ಗೆ ಖಾರವಾಗಿ ಮಾತಾಡಿದ್ದ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ದಕ್ಷಿಣದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಸೆನೆಟ್ ಸಭಾಂಗಣದಲ್ಲೇ ಬೆತ್ತದಿಂದ ಪ್ರಜ್ಞೆ ತಪ್ಪುವಂತೆ ಬಡಿದ. ಅದಾದ ಎರಡು ದಿನಕ್ಕೆ, ಮೇ 24ರ ರಾತ್ರಿ, ಕಾನ್ಸಾಸ್‌ನ ಪೊಟವಾಟಮಿ ಹಳ್ಳದ ಬದಿಯ ಮನೆಗಳ ಬಾಗಿಲು ಬಡಿದ, ಗುಲಾಮಗಿರಿಯ ಕಟ್ಟಾ ವಿರೋಧಿ ಜಾನ್ ಬ್ರೌನ್ ಮತ್ತವನ ತಂಡ ಗುಲಾಮಗಿರಿ ಪರವಾಗಿದ್ದ ಐವರನ್ನು ಹೊರಗೆಳೆದು ಕತ್ತಿಯಿಂದ ಕಡಿದು ಹಾಕಿತು. ತಂಡದಲ್ಲಿ ಅವನ ಮಕ್ಕಳೂ ಇದ್ದರು. ಸತ್ತವರಲ್ಲಿ ಯಾರೊಬ್ಬರೂ ಗುಲಾಮರ ಒಡೆಯರಾಗಿರಲಿಲ್ಲ. ಆ ಬೇಸಿಗೆಯಿಡೀ ಎರಡೂ ಕಡೆಯವರು ಒಬ್ಬರ ಮನೆಗೆ ಇನ್ನೊಬ್ಬರು ಬೆಂಕಿ ಇಟ್ಟರು. ಆಗಸ್ಟ್‌ನಲ್ಲಿ ಬ್ರೌನ್‌ನ ಮಗ ಫ್ರೆಡರಿಕ್ ಗುಂಡಿಗೆ ಬಲಿಯಾದ. ಹೊಸ ಗವರ್ನರ್ ಜಾನ್ ಗೇರಿ ಸೈನ್ಯ ತಂದು ನಿಲ್ಲಿಸಿದ ಮೇಲೆ ಗಲಾಟೆ ತಣ್ಣಗಾಯಿತು.

ಸೌದೆ ರಾಶಿಯಡಿಯ ಡಬ್ಬಿ

ಬಂದೂಕು ಇಳಿಯಿತು, ಕಳ್ಳಮತ ನಿಲ್ಲಲಿಲ್ಲ. 1857ರ ಅಕ್ಟೋಬರ್ ಚುನಾವಣೆಯಲ್ಲಿ ಆಕ್ಸ್‌ಫರ್ಡ್ ಎಂಬ ಕೆಲವೇ ಮನೆಗಳ ಊರಿನಿಂದ 1,600ಕ್ಕೂ ಹೆಚ್ಚು ಮತ ಬಂದವು. ಹೆಸರುಗಳನ್ನು ನೋಡಿದರೆ ಒಹಾಯೊ ರಾಜ್ಯದ ಸಿನ್ಸಿನಾಟಿ ನಗರದ ವಿಳಾಸ ಪುಸ್ತಕದಿಂದ ಎತ್ತಿಕೊಂಡವು ಮತಪಟ್ಟಿಯಲ್ಲಿ ಸಾಲುಗಟ್ಟಿ ನಿಂತಿದ್ದವು. ಆಗಿನ ಗವರ್ನರ್ ರಾಬರ್ಟ್ ವಾಕರ್ ದಕ್ಷಿಣದವರೇ ಆದರೂ ಆ ಮತಗಳನ್ನು ಕಿತ್ತೊಗೆದರು. ಶಾಸನಸಭೆ ಮೊದಲ ಸಲ ಗುಲಾಮಗಿರಿ ವಿರೋಧಿಗಳ ಕೈಗೆ ಬಂತು.

ಅಷ್ಟರಲ್ಲಿ ಲಿಕಾಂಪ್ಟನ್ ಪಟ್ಟಣದಲ್ಲಿ ಸೇರಿದ್ದ ಗುಲಾಮಗಿರಿ ಪರ ಸಮಾವೇಶ ಒಂದು ಸಂವಿಧಾನ ಬರೆದು ಜನರ ಮುಂದಿಟ್ಟಿತು. ಸಂವಿಧಾನ ಬೇಕೋ ಬೇಡವೋ ಎಂದು ಕೇಳಲಿಲ್ಲ. ಗುಲಾಮಗಿರಿ ಸಹಿತ ಬೇಕೋ, ರಹಿತ ಬೇಕೋ ಎಂದಷ್ಟೇ ಕೇಳಿತು. ‘ರಹಿತ’ ಎಂದು ಗೆದ್ದರೂ ಆಗಲೇ ಇದ್ದ ಗುಲಾಮರು ಗುಲಾಮರಾಗಿಯೇ ಉಳಿಯುತ್ತಿದ್ದರು. ವಿರೋಧಿಗಳು ಬಹಿಷ್ಕಾರ ಹಾಕಿದ್ದರಿಂದ ‘ಸಹಿತ’ ಗೆದ್ದಿತು. 1858ರ ಜನವರಿ 4ರಂದು ಶಾಸನಸಭೆಯೇ ನೇರ ಪ್ರಶ್ನೆ ಕೇಳಿದಾಗ ಸಂವಿಧಾನದ ವಿರುದ್ಧ 10,226 ಮತ ಬಿದ್ದವು. ಪರವಾಗಿ ಬಿದ್ದದ್ದು ‘ಸಹಿತ’, ‘ರಹಿತ’ ಎರಡೂ ಬಗೆ ಸೇರಿ 162.

ಆ ದಿನಗಳ ಒಂದು ಪ್ರಸಂಗ ಕಾನ್ಸಾಸ್‌ನಲ್ಲಿ ಇಂದಿಗೂ ಹೇಳುವಂಥದ್ದು. ಅದೇ ಜನವರಿ 4ರಂದು ಲಿಕಾಂಪ್ಟನ್ ಸಂವಿಧಾನದಡಿ ನಡೆದ ಇನ್ನೊಂದು ಚುನಾವಣೆಯ ದಾಖಲೆಗಳು ಕಾಣೆಯಾಗಿದ್ದವು. ಸುಳಿವು ಹಿಡಿದು ಹೋದ ಆಗಿನ ಶೆರಿಫ್, ಸರ್ವೆಯರ್ ಜನರಲ್ ಜಾನ್ ಕ್ಯಾಲ್‌ಹೂನ್ ಕಚೇರಿಯ ಪಕ್ಕದ ಸೌದೆ ರಾಶಿಯನ್ನು ಸರಿಸಿದಾಗ ನೆಲದಡಿ ಹೂತಿಟ್ಟ ಮೇಣದಬತ್ತಿ ಡಬ್ಬಿ ಸಿಕ್ಕಿತು. ಅದರೊಳಗಿತ್ತು ತಿದ್ದಿದ ಮತಪಟ್ಟಿ.

ಇಷ್ಟಾದರೂ ಅಧ್ಯಕ್ಷ ಜೇಮ್ಸ್ ಬ್ಯುಕ್ಯಾನನ್ ಲಿಕಾಂಪ್ಟನ್ ಸಂವಿಧಾನವನ್ನೇ ಒಪ್ಪಿಕೊಳ್ಳಿ ಎಂದು ಕಾಂಗ್ರೆಸ್‌ಗೆ ದುಂಬಾಲು ಬಿದ್ದರು. ಜನರ ತೀರ್ಮಾನ ಎಂಬ ಮಂತ್ರ ಹೇಳಿಕೊಟ್ಟ ಡಗ್ಲಸ್ ಇದು ಜನರ ತೀರ್ಮಾನವೇ ಅಲ್ಲ ಎಂದು ತಮ್ಮದೇ ಪಕ್ಷದ ಅಧ್ಯಕ್ಷರ ವಿರುದ್ಧ ತಿರುಗಿಬಿದ್ದರು. ಡೆಮಾಕ್ರಟಿಕ್ ಪಕ್ಷದಲ್ಲಿ ಅಂದು ಬಿದ್ದ ಬಿರುಕು 1860ರಲ್ಲಿ ಅಬ್ರಹಾಂ ಲಿಂಕನ್ ಗೆಲುವಿಗೆ ದಾರಿಯಾಯಿತು. 1858ರ ಆಗಸ್ಟ್‌ನಲ್ಲಿ ಮತ್ತೆ ಮತ ನಡೆದು, ಕಾನ್ಸಾಸ್ ಜನ ಲಿಕಾಂಪ್ಟನ್ ಸಂವಿಧಾನವನ್ನು ಆರು ಪಟ್ಟು ಅಂತರದಿಂದ ಹೂತುಹಾಕಿದರು. ಮರುವರ್ಷ ವೈಯಾಂಡಾಟ್‌ನಲ್ಲಿ ಬರೆದ ಸಂವಿಧಾನ ಗುಲಾಮಗಿರಿಯನ್ನು ನಿಷೇಧಿಸಿತು. ಆ ಸಮಾವೇಶದಲ್ಲಿ ಮತವಿಲ್ಲದೆ, ಹೆಣಿಗೆ ಹಾಕುತ್ತಾ ದಿನವೂ ಕುಳಿತು, ಬಿಡುವಿನಲ್ಲಿ ಪ್ರತಿನಿಧಿಗಳನ್ನು ಒಲಿಸಿಕೊಂಡ ಕ್ಲಾರಿನಾ ನಿಕೋಲ್ಸ್‌ರಿಂದಾಗಿ ಹೆಂಗಸರಿಗೆ ಆಸ್ತಿಯ ಹಕ್ಕು, ಮಕ್ಕಳ ಮೇಲೆ ಸಮಾನ ಹಕ್ಕು ಸಿಕ್ಕಿತು. ಮತದ ಹಕ್ಕು ಸಿಗಲಿಲ್ಲ.

1860ರಲ್ಲಿ ಭೀಕರ ಬರ. ಲಕ್ಷಕ್ಕೆ ಮುಟ್ಟಿದ್ದ ಜನರಲ್ಲಿ ಸಾವಿರಾರು ಮಂದಿ ಗುಳೆ ಹೋದರು. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೊರನಡೆದು ಸೆನೆಟ್‌ನಲ್ಲಿ ಅಡ್ಡಗಾಲು ಹಾಕುವವರು ಕಡಿಮೆಯಾದ ಮೇಲೆ, 1861ರ ಜನವರಿ 29ರಂದು ಕಾನ್ಸಾಸ್ 34ನೇ ರಾಜ್ಯವಾಯಿತು. ಎರಡೂವರೆ ತಿಂಗಳಿಗೆ ಅಂತರ್ಯುದ್ಧ ಶುರು.

ಮೊದಲು ಹೋರಾಡಿದವರು, ಕೊನೆಗೆ ಉಳಿದವರು

ಆ ಯುದ್ಧದ ಬಿಸಿ ನಮ್ಮ ಧಾರವಾಡ ಸೀಮೆಗೂ ತಟ್ಟಿತ್ತು. ಅಮೆರಿಕದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ ಇಲ್ಲಿನ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತ್ತು. ಕಾನ್ಸಾಸ್ ಮಟ್ಟಿಗೆ ಮಾತ್ರ ಯುದ್ಧವೆಂದರೆ ಏಳು ವರ್ಷದ ಹಳೆಯ ಜಗಳಕ್ಕೆ ಸಿಕ್ಕ ಸರ್ಕಾರಿ ಮುದ್ರೆ. 1861ರ ಸೆಪ್ಟೆಂಬರ್‌ನಲ್ಲಿ ಕಾನ್ಸಾಸ್‌ನ ಸೆನೆಟರ್ ಜಿಮ್ ಲೇನ್ ಪಡೆಕಟ್ಟಿಕೊಂಡು ಹೋಗಿ ಮಿಸೌರಿಯ ಓಸಿಯೋಲ ಪಟ್ಟಣವನ್ನು ದೋಚಿ ಸುಟ್ಟರು. ‘ಜೇಹಾಕರ್’ ಎಂದು ಹೆಸರಾದ ಕಾನ್ಸಾಸ್ ದಳಗಳು ಗುಲಾಮರನ್ನು ಬಿಡಿಸಿ ತಂದವು. ಅವರ ಜೊತೆಗೆ ಕುದುರೆ, ದನ, ಪಾತ್ರೆ ಪಗಡವನ್ನೂ ತಂದವು.

ಇದೇ ಲೇನ್ 1862ರ ಆಗಸ್ಟ್‌ನಲ್ಲಿ, ವಾಷಿಂಗ್ಟನ್ನಿನ ಅನುಮತಿಗೂ ಕಾಯದೆ, ಓಡಿಬಂದಿದ್ದ ಗುಲಾಮರನ್ನೂ ಸ್ವತಂತ್ರ ಕಪ್ಪು ಜನರನ್ನೂ ಸೇರಿಸಿ ಒಂದು ಪಡೆ ಕಟ್ಟಿದರು. ಅಕ್ಟೋಬರ್ 29ರಂದು ಮಿಸೌರಿಯ ಐಲೆಂಡ್ ಮೌಂಡ್‌ನಲ್ಲಿ ಆ ಪಡೆ ತನಗಿಂತ ದೊಡ್ಡದಾದ ಶತ್ರುದಂಡನ್ನು ಎದುರಿಸಿ ಹಿಮ್ಮೆಟ್ಟಿಸಿತು. ಅಂತರ್ಯುದ್ಧದಲ್ಲಿ ಕಪ್ಪು ಜನರ ಪಡೆಯೊಂದು ರಣರಂಗಕ್ಕಿಳಿದದ್ದು ಅದೇ ಮೊದಲು. ಲಿಂಕನ್ ಅವರ ವಿಮೋಚನಾ ಘೋಷಣೆ ಜಾರಿಗೆ ಬರಲು ಇನ್ನೂ ಎರಡು ತಿಂಗಳಿತ್ತು. ಈ ಪಡೆಗೆ ಜನ ಸೇರಿಸಿದವರಲ್ಲಿ ಮುಂದಿದ್ದ ಲೆವೆನ್ವರ್ತ್‌ನ ಕಪ್ಪು ನಾಯಕ ವಿಲಿಯಂ ಮ್ಯಾಥ್ಯೂಸ್‌ಗೆ, ಪಡೆ ಅಧಿಕೃತವಾಗಿ ಸೇನೆಗೆ ಸೇರಿದಾಗ ಬಣ್ಣದ ಕಾರಣಕ್ಕೆ ಕ್ಯಾಪ್ಟನ್ ಹುದ್ದೆ ತಪ್ಪಿತು. 1864ರಲ್ಲಿ ಅರ್ಕನ್ಸಾದ ಪಾಯ್ಸನ್ ಸ್ಪ್ರಿಂಗ್‌ನಲ್ಲಿ ಈ ಪಡೆಯ ನೂರಕ್ಕೂ ಹೆಚ್ಚು ಸೈನಿಕರು ಸತ್ತರು. ಗಾಯಗೊಂಡು ಬಿದ್ದವರನ್ನೂ ಶತ್ರುಗಳು ಕೊಂದರು.

ಓಸಿಯೋಲದಲ್ಲಿ ಲೇನ್ ಮಾಡಿದ್ದಕ್ಕೆ ಸೇಡು ಬಂದದ್ದು 1863ರ ಆಗಸ್ಟ್ 21ರ ಮುಂಜಾವಿನಲ್ಲಿ. ದಕ್ಷಿಣದ ಪರ ಗೆರಿಲ್ಲಾ ನಾಯಕ ವಿಲಿಯಂ ಕ್ವಾಂಟ್ರಿಲ್ ಒಮ್ಮೆ ಕಾನ್ಸಾಸ್‌ನಲ್ಲೇ ಶಾಲೆಯಲ್ಲಿ ಪಾಠ ಹೇಳಿದ್ದವ, ಲಾರೆನ್ಸ್‌ನಲ್ಲೂ ಸುಳ್ಳು ಹೆಸರಿನಲ್ಲಿ ಇದ್ದವ. ಈಗ ನಾನೂರಕ್ಕೂ ಹೆಚ್ಚು ಸವಾರರೊಂದಿಗೆ ಅದೇ ಊರು ಏಳುವ ಹೊತ್ತಿಗೆ ನುಗ್ಗಿದ. ನಾಲ್ಕು ಗಂಟೆಗಳಲ್ಲಿ ಪೇಟೆ ಬೀದಿ ಬೂದಿಯಾಯಿತು. 150ರಿಂದ 200 ಗಂಡಸರು, ಹುಡುಗರು ಹೆಣವಾದರು. ಹೆಚ್ಚಿನವರ ಕೈಯಲ್ಲಿ ಆಯುಧವಿರಲಿಲ್ಲ. ಹೆಂಗಸರನ್ನು ಕೊಲ್ಲಲಿಲ್ಲ, ಅವರ ಕಣ್ಣೆದುರೇ ಗಂಡಂದಿರನ್ನು ಕೊಂದರು. ಮೇಯರ್ ಜಾರ್ಜ್ ಕಾಲಮೋರ್ ಬಾವಿಯೊಳಗೆ ಅಡಗಿಕೊಂಡು ಅಲ್ಲೇ ಉಸಿರುಗಟ್ಟಿ ಸತ್ತರು. ದಾಳಿಕೋರರು ಎಲ್ಲರಿಗಿಂತ ಹೆಚ್ಚು ಹುಡುಕಿದ ಲೇನ್ ಮಾತ್ರ ರಾತ್ರಿಯ ಅಂಗಿಯಲ್ಲೇ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿ ತಪ್ಪಿಸಿಕೊಂಡರು.

ನಾಲ್ಕು ದಿನಕ್ಕೆ ಒಕ್ಕೂಟದ ಸೇನೆಯ ಜನರಲ್ ಥಾಮಸ್ ಯೂಯಿಂಗ್ ಹೊರಡಿಸಿದ 11ನೇ ಆದೇಶ ಗಡಿಯಾಚೆಗಿನ ಮಿಸೌರಿಯ ನಾಲ್ಕು ಜಿಲ್ಲೆಗಳ ಹಳ್ಳಿಗಾಡನ್ನು ಖಾಲಿ ಮಾಡಿಸಿತು. ತಪ್ಪಿತಸ್ಥರು, ನಿರಪರಾಧಿಗಳು ಎಂಬ ಭೇದವಿಲ್ಲದೆ ಸಾವಿರಾರು ಕುಟುಂಬಗಳು ಮನೆ ಬಿಟ್ಟವು. ಆ ಮನೆಗಳಲ್ಲಿ ಬಹಳಷ್ಟು ಸುಟ್ಟುಹೋದವು. 1864ರ ಅಕ್ಟೋಬರ್ 25ರಂದು ಮೈನ್ ಕ್ರೀಕ್ ಹಳ್ಳದಲ್ಲಿ ದಕ್ಷಿಣದ ಸೈನ್ಯ ಸೋತು ಓಡಿದ ಮೇಲೆ ಕಾನ್ಸಾಸ್‌ನಲ್ಲಿ ದೊಡ್ಡ ಕಾಳಗ ನಡೆಯಲಿಲ್ಲ.

ಪಟ್ಟಿಯ ಹೊರಗೆ

ಯುದ್ಧ ಗೆದ್ದ ಕಾನ್ಸಾಸ್ ತನಗಾಗಿ ಮಡಿದವರಿಗೆ ಏನು ಕೊಟ್ಟಿತು? 1867ರಲ್ಲಿ ಎರಡು ಪ್ರಶ್ನೆಗಳನ್ನು ಮತಕ್ಕೆ ಹಾಕಲಾಯಿತು: ಕಪ್ಪು ಗಂಡಸರಿಗೆ ಮತದ ಹಕ್ಕು ಕೊಡೋಣವೇ? ಹೆಂಗಸರಿಗೆ ಕೊಡೋಣವೇ? ಬಿಳಿ ಗಂಡಸರು ಎರಡಕ್ಕೂ ಬೇಡ ಎಂದರು. ಕಪ್ಪು ಗಂಡಸರಿಗೆ ಆ ಹಕ್ಕು ಸಿಕ್ಕಿದ್ದು 1870ರಲ್ಲಿ, ರಾಷ್ಟ್ರದ ಸಂವಿಧಾನಕ್ಕೆ 15ನೇ ತಿದ್ದುಪಡಿ ಬಂದ ಮೇಲೆ. ಹೆಂಗಸರು 1912ರವರೆಗೆ ಕಾದರು. ಹೆಸರು ಕೊಟ್ಟ ಕಾನ್ಸಾ ಬುಡಕಟ್ಟನ್ನು 1873ರಲ್ಲಿ ರಾಜ್ಯದಿಂದಲೇ ದಕ್ಷಿಣಕ್ಕೆ, ಇಂದಿನ ಓಕ್ಲಹೋಮಕ್ಕೆ ಸಾಗಿಸಲಾಯಿತು.

ಹಾಗೆಂದು ಗುಲಾಮಗಿರಿಯನ್ನು ತಡೆದ ಹೋರಾಟ ಸಣ್ಣದಲ್ಲ. ದಕ್ಷಿಣದ ಬಿಡುಗಡೆಯಾದ ಕಪ್ಪು ಜನ 1870ರ ದಶಕದ ಕೊನೆಯಲ್ಲಿ ಸಾವಿರಗಟ್ಟಲೆ ಹೊರಟು ಬಂದದ್ದು ಕಾನ್ಸಾಸನ್ನು ಹುಡುಕಿಕೊಂಡೇ. ಅವರ ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸಲು ಅವಕಾಶ ಕೊಡುವ ಕಾನೂನು ಮಾಡಿದ್ದೂ ಅದೇ ಕಾನ್ಸಾಸ್. ಆ ಕಾನೂನಿನ ವಿರುದ್ಧ ಟೊಪೀಕದ ಕಪ್ಪು ಪೋಷಕರು ಹೂಡಿದ ‘ಬ್ರೌನ್’ ಮೊಕದ್ದಮೆಯ ತೀರ್ಪು 1954ರ ಮೇ 17ರಂದು ಬಂತು. ಬಣ್ಣದ ಮೇಲೆ ಶಾಲೆ ಬೇರ್ಪಡಿಸುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಡಗ್ಲಸ್ ಅವರ ಕಾಯ್ದೆಗೆ ಆಗ ನೂರು ವರ್ಷ ತುಂಬಲು ಎರಡು ವಾರ ಬಾಕಿ ಇತ್ತು.

ಮನುಷ್ಯನ ಘನತೆ ಬಹುಮತದಿಂದ ತೀರ್ಮಾನವಾಗುವ ವಿಷಯವಲ್ಲ. ಮತದಿಂದ ತೀರ್ಮಾನವಾಗಬೇಕಾದ ಉಳಿದ ವಿಷಯಗಳಲ್ಲೂ ಯಾರಿಗೆ ಎಷ್ಟು ಮತ ಬಿತ್ತು ಎಂದು ಕೇಳುವುದು ಆಮೇಲೆ. ಪಟ್ಟಿಯಲ್ಲಿ ಯಾರಿದ್ದಾರೆ, ಯಾರ ಹೆಸರು ಬಿಟ್ಟುಹೋಗಿದೆ ಎಂದು ಮೊದಲು ನೋಡಬೇಕು. ಯಾವ ದೇಶದ ಮತದಾರನಿಗೂ ಕಾನ್ಸಾಸ್ ಹೇಳುವ ಮಾತು ಇದು.